ಗೌರಿಯ ಸೀಮಂತದ ಕೇಸು

ಕಾನೂನು ಪುಸ್ತಕ ಬರೆದವರು ಏನೇನನ್ನೋ ಯೋಚಿಸಿ ಬರೆದಿರುತ್ತಾರೆ. ಅವರು ಯೋಚಿಸದೆ ಬಿಟ್ಟದ್ದೆಲ್ಲ ದಾರಿ ಕೇಳಿಕೊಂಡು ನಮ್ಮ ಆಫೀಸಿಗೇ ಬರುತ್ತಿತ್ತು. ತೊಂಬತ್ತರ ದಶಕದಲ್ಲಿ ನಾನು ಟೊರೆನ್ಸ್‌ನ ಸಣ್ಣದೊಂದು ಲಾ ಆಫೀಸಿನಲ್ಲಿ ಜೂನಿಯರ್ ವಕೀಲೆ. ಹಾಗೆ ಬಂದವರಲ್ಲಿ ಮರೆಯಲಾಗದವಳು ಗೌರಿ.

ಗೌರಿ ಒಂದು ಅಲ್ಪಾಕ. ಮೂಲ ಪೆರು ದೇಶ, ಒಂಟೆಯ ಕುಲ, ಕುರಿಯಂಥ ಉಣ್ಣೆ, ಉದ್ದ ಕತ್ತು, ಮದುವೆಮನೆಗೆ ಬಂದ ಗಂಡಿನ ಸೋದರತ್ತೆಯ ನೋಟ. ಅವಳನ್ನು ಕೊಂಡವರು ರೆಡೊಂಡೊ ಬೀಚಿನ ಉಡುಪಿ ಅಂಕಲ್. ವಿಮಾನ ತಯಾರಿಸುವ ಕಂಪನಿಯಲ್ಲಿ ಇಂಜಿನಿಯರ್. ಸ್ಯಾನ್ ಡಿಯಾಗೊ ಕಡೆಯ ಬೆಟ್ಟದಲ್ಲಿ ಜಾಗ ತೆಗೆದುಕೊಂಡು ಅಲ್ಪಾಕ ಸಾಕಬೇಕೆಂಬುದು ಅವರ ಹುಚ್ಚು. ಆಂಟಿಗೆ ಆ ಹುಚ್ಚು ಇರಲಿಲ್ಲ, ಗೌರಿಯನ್ನು ನೋಡುವ ತನಕ.

ಬೊಗಳುತ್ತದೆಯೇ?

ಬೆಟ್ಟದ ಬೇಲಿ ಇನ್ನೂ ಮುಗಿದಿರಲಿಲ್ಲವಾದ್ದರಿಂದ ಗೌರಿ ಮೊದಲು ಬಂದಿಳಿದದ್ದು ಅವರ ಮನೆಯ ಹಿತ್ತಲಿಗೆ. ಹಿತ್ತಲಿನಿಂದ ಹೊತ್ತುಗೊತ್ತಿಲ್ಲದೆ 'ಮ್‌ಮ್‌ಮ್' ಎಂಬ ಸದ್ದು ಬರುತ್ತದೆ ಎಂದು ಪಕ್ಕದ ಮನೆಯವರು ದೂರು ಕೊಟ್ಟರು. ನಗರಸಭೆಯ ಅಧಿಕಾರಿಯೊಬ್ಬರು ಬಂದರು. ಅಂಕಲ್ ಗಾಬರಿಯಾಗಿ ನನ್ನನ್ನು ಕರೆಸಿದರು.

ಅಧಿಕಾರಿ ನಿಯಮದ ಪುಸ್ತಕ ತೆರೆದರು. ಹಸು, ಕುದುರೆ, ಹಂದಿ, ಮೇಕೆ, ಕೋಳಿ ಎಲ್ಲ ಇದ್ದವು. ಅಲ್ಪಾಕ ಇರಲಿಲ್ಲ. ಅವರು ಗೌರಿಯನ್ನು ನೋಡಿದರು, ಗೌರಿ ಅವರನ್ನು ನೋಡಿದಳು. ಅಷ್ಟರಲ್ಲಿ ಆಂಟಿ ಚಕ್ಕುಲಿ, ಕಾಫಿ ತಂದಿಟ್ಟರು.

"ಇದು ಬೊಗಳುತ್ತದೆಯೇ?" ಎಂದು ಅಧಿಕಾರಿ ಕೇಳಿದರು.

"ಇಲ್ಲ, ಗುನುಗುತ್ತದೆ" ಎಂದೆ.

ಅವರು ಎರಡನೆಯ ಚಕ್ಕುಲಿ ಮುರಿದರು. "ನಮ್ಮ ನಿಯಮ ಬೊಗಳುವುದಕ್ಕೆ ಮಾತ್ರ. ಗುನುಗುವವರನ್ನೆಲ್ಲ ಹಿಡಿಯಲು ಹೊರಟರೆ ನನ್ನ ಹೆಂಡತಿಯನ್ನೇ ಮೊದಲು ಹಿಡಿಯಬೇಕಾಗುತ್ತದೆ!"

ತವರಿನವರು

ಬೇಲಿ ಮುಗಿದು ಗೌರಿ ಬೆಟ್ಟ ಸೇರಿದಳು. ಅವಳು ಗಬ್ಬವಾಗಿದ್ದಾಳೆಂಬ ಭರವಸೆಯ ಮೇಲೇ ಮಾರಾಟವಾಗಿತ್ತು. ಆ ಮಾತು ಸುಳ್ಳಾದರೆ ಮಾರಿದಾಕೆ ದುಡ್ಡು ಕೊಟ್ಟು ಗೌರಿಯನ್ನು ವಾಪಸ್ ಒಯ್ಯಬೇಕು ಎಂಬ ಕರಾರು ನಾನೇ ಬರೆದದ್ದು. ಬರೆದು ಬಹಳ ಬೀಗಿದ್ದೆ ಕೂಡ.

ಆಂಟಿ ಕರಾರಿನಲ್ಲಿ ಓದಿದ್ದು ಒಂದೇ ಮಾತು, ಗೌರಿ ಬಸುರಿ. ಬಸುರಿ ಅಂದಮೇಲೆ ಸೀಮಂತ ಆಗಲೇಬೇಕು! ನಮ್ಮವರ ಅಂಗಡಿಗಳ ಸಾಲಿರುವ ಆರ್ಟೀಸಿಯಾಕ್ಕೆ ಹೋಗಿ ಹಸಿರು ಬಳೆ, ಹಸಿರು ಸೀರೆ ತಂದರು. ಬಳೆ ಕಾಲಿಗೆ ಏರದೆ, ದಾರದಲ್ಲಿ ಪೋಣಿಸಿ ಕತ್ತಿಗೆ ಹಾಕಿದರು. ಮುಹೂರ್ತ ಕೇಳಲು ಪುರೋಹಿತರಿಗೆ ಫೋನ್ ಮಾಡಿದಾಗ ಅವರು, "ಹುಡುಗಿಯ ತವರು ಎಲ್ಲಿ?" ಎಂದರಂತೆ.

"ಪೆರು" ಎಂದರು ಆಂಟಿ.

"ನಮ್ಮ ಉಡುಪಿಯ ಪೆರ್ಡೂರಿನ ಹತ್ತಿರವಾ?"

"ಇಲ್ಲ ಭಟ್ರೇ, ಸ್ವಲ್ಪ ಮುಂದೆ."

ನಮ್ಮದೇ ಸಾಕ್ಷಿ

ಆಮೇಲೊಂದು ದಿನ ಪಶುವೈದ್ಯರು ಸ್ಕ್ಯಾನ್ ಮಾಡಿ, ಹೊಟ್ಟೆಯಲ್ಲಿ ಏನೂ ಕಾಣುವುದಿಲ್ಲ ಎಂದುಬಿಟ್ಟರು. ಅಂಕಲ್ ಇಂಜಿನಿಯರ್, ಯಂತ್ರ ಹೇಳಿದ್ದು ಅವರಿಗೆ ವೇದವಾಕ್ಯ. "ವಾಪಸ್ ಕೊಟ್ಟುಬಿಡುವ" ಎಂದರು.

"ಮಿಷನ್‌ಗೆ ಎಂತ ಗೊತ್ತುಂಟು? ಅವಳು ನಡೆಯೋದು ನೋಡಿದ್ರೆ ಗೊತ್ತಾಗುದಿಲ್ವಾ?" ಎಂದು ಆಂಟಿ ಕಣ್ಣು ತುಂಬಿಕೊಂಡರು. ಅಂಕಲ್ ಹೇಳಿದಂತೆ ನಾನು ನೋಟಿಸ್ ಕಳಿಸಿದೆ. ಕೋರ್ಟಿಗೆ ಹೋಗುವ ಮೊದಲು ಕೂತು ಮಾತಾಡೋಣವೆಂದು ಮಾರಿದಾಕೆ ತನ್ನ ವಕೀಲರ ಜೊತೆ ಬೆಟ್ಟಕ್ಕೆ ಬಂದಳು.

ಆ ವಕೀಲರು ಫೈಲಿನಿಂದ ತೆಗೆದದ್ದು ಸೀಮಂತದ ಫೋಟೋ! ಬಳೆ ಸರ, ಹಣೆಗೆ ಕುಂಕುಮ, ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿಯಲ್ಲಿ ಅಂಕಲ್. ಇದು ಇವರಿಗೆ ಸಿಕ್ಕಿದ್ದು ಹೇಗೆ?

"ನಾನೇ ಪೋಸ್ಟ್ ಮಾಡಿದ್ದು, ಲಾಡಿನ ಜೊತೆ" ಎಂದರು ಆಂಟಿ. "ತವರಿನವರಲ್ವಾ? ಕರೆದ್ರೂ ಬರ್ಲಿಲ್ಲ ಪಾಪ."

ವಕೀಲರು ನಯವಾಗಿ ಕೇಳಿದರು: "ಬಸುರಿ ಅಲ್ಲದವರಿಗೆ ನಿಮ್ಮಲ್ಲಿ ಈ ಶಾಸ್ತ್ರ ಮಾಡುವುದುಂಟೇ?"

ನಾನು ಮೇಜಿನ ಕೆಳಗೆ ಆಂಟಿಯ ಕಾಲು ಒತ್ತಿದೆ.

"ಛೆ ಛೆ, ಎಲ್ಲಾದರೂ ಉಂಟಾ!" ಎಂದು ಆಂಟಿ ಇಂಗ್ಲಿಷಿನಲ್ಲೇ ಖಡಾಖಂಡಿತವಾಗಿ ಹೇಳಿ ನನ್ನತ್ತ ತಿರುಗಿದರು. "ನೀನು ಯಾಕೆ ಮಾರಾಯ್ತಿ ಕಾಲು ತುಳಿಯುದು?"

ಉಗುಳು

ಕೊನೆಗೆ ಮಾರಿದಾಕೆ ಅಲ್ಪಾಕ ಸಾಕುವವರ ಹಳೆಯ ಪರೀಕ್ಷೆಯೊಂದನ್ನು ಹೇಳಿದಳು. ಗಂಡು ಅಲ್ಪಾಕವನ್ನು ಎದುರಿಗೆ ತಂದು ನಿಲ್ಲಿಸುವುದು. ಹೆಣ್ಣು ಸುಮ್ಮನೆ ಕುಳಿತರೆ ಬಸುರಿ ಅಲ್ಲ. ಮುಖಕ್ಕೆ ಉಗಿದರೆ ಬಸುರಿ. ಕುಳಿತರೆ ಗೌರಿ ವಾಪಸ್, ಉಗಿದರೆ ನಮ್ಮ ತಕರಾರು ವಾಪಸ್. ಎರಡೂ ಕಡೆಯವರು ಒಪ್ಪಿದೆವು. ಲಾ ಕಾಲೇಜಿನಲ್ಲಿ ಇದನ್ನು ಯಾರೂ ಕಲಿಸಿರಲಿಲ್ಲ. ಏನಾಗುತ್ತದೋ ನೋಡಬೇಕೆಂದು ನನಗೆ ಒಳಗೊಳಗೇ ತಡೆಯಲಾರದ ಕುತೂಹಲ.

ಮಾರಿದಾಕೆಯ ಟ್ರೈಲರಿನಿಂದ ಗಂಡು ಇಳಿಯಿತು. ಅಂಕಲ್ ಕಣ್ಣಿಗೆ ವಿಡಿಯೋ ಕ್ಯಾಮೆರಾ ಹಿಡಿದು ಅದರ ಬೆನ್ನಿಗೇ ನಿಂತರು, ಸಾಕ್ಷಿ ಬೇಕಲ್ಲ. ಆಂಟಿ ಗೌರಿಯ ಕತ್ತು ಸವರಿ, "ಕೂತ್ಕೊಳ್ಬೇಡ ಮಗಾ" ಎಂದು ಕಿವಿಯಲ್ಲಿ ಹೇಳಿ ಹಿಂದೆ ಸರಿದರು. ಅವರ ಮುಖ ನೋಡಲಾಗಲಿಲ್ಲ. ನನ್ನ ಕಕ್ಷಿ ಸೋಲಲಿ ದೇವರೇ ಎಂದು ನಾನು ಬೇಡಿಕೊಂಡದ್ದು ಅದೊಂದೇ ಸಲ.

ಗಂಡು ಮೂಸುತ್ತಾ ಹತ್ತಿರ ಬಂತು. ಗೌರಿಯ ಮುಂಗಾಲು ಸ್ವಲ್ಪ ಬಾಗಿತು. ಆಂಟಿ ಕಣ್ಣು ಮುಚ್ಚಿಕೊಂಡರು. ಆದರೆ ಬಾಗಿದ ಕಾಲು ಮತ್ತೆ ನೆಟ್ಟಗಾಯಿತು, ಕಿವಿ ಹಿಂದಕ್ಕೆ ಹೋಯಿತು, ತಲೆ ಮೇಲೆದ್ದಿತು. ಥೂ! ಗಂಡು ಜಾಣ, ತಲೆ ತಗ್ಗಿಸಿತು. ಹಸಿರು ರಸವೆಲ್ಲ ಅಂಕಲ್ ಮುಖಕ್ಕೂ ಕ್ಯಾಮೆರಾಕ್ಕೂ.

ಆಂಟಿ ಓಡಿದರು. ಅಂಕಲ್ ಟವೆಲಿಗೆಂದು ಕೈ ಚಾಚಿದರು. ಆಂಟಿ ಅವರನ್ನು ದಾಟಿ ಹೋಗಿ ಗೌರಿಯನ್ನು ತಬ್ಬಿಕೊಂಡು ಗಳಗಳನೆ ಅತ್ತರು.

ಟೊರೆನ್ಸಿಗೆ ಮರಳಿದಾಗ ನಮ್ಮ ಬಾಸ್, "ಏನಾಯಿತು?" ಎಂದರು. "ಕೇಸು ಸೋತೆವು. ಕಕ್ಷಿದಾರರು ಹೋಳಿಗೆ ಕಟ್ಟಿಕೊಟ್ಟಿದ್ದಾರೆ" ಎಂದೆ.

ಕೆಲವು ತಿಂಗಳಾದ ಮೇಲೆ ಆಂಟಿಯ ಫೋನ್ ಬಂತು. "ಹೆಣ್ಣು ಮಗು ಮಾರಾಯ್ತಿ! ಭಾನುವಾರ ನಾಮಕರಣ. ಆ ಕಡೆಯ ವಕೀಲರನ್ನೂ ಕರ್ಕೊಂಡು ಬಾ. ಫೋಟೋ ಮಾತ್ರ ಯಾರೂ ತೆಗೀಬಾರದಂತೆ, ಅಂಕಲ್ ಹೇಳಿದ್ದಾರೆ."