ದತ್ತು ಡಾಕ್ಟರನ್ನು ಆರಿಸಿದ್ದು

ಮದುವೆಯಾಗಿ ಆರು ವರ್ಷವಾದರೂ ಮನೆಯಲ್ಲಿ ತೊಟ್ಟಿಲು ಕಟ್ಟದ ಮನುಷ್ಯನಿಗೆ ದತ್ತು ಎಂಬ ಹೆಸರಿದ್ದರೆ ಊರು ಸುಮ್ಮನೆ ಬಿಟ್ಟೀತೇ? "ದಾರಿ ನಿನ್ನ ಹೆಸರಿನಾಗೇ ಅದಲ್ಲೋ!" ಎಂದು ಹಲ್ಲು ಕಿರಿಯುವವರು ಬೀದರದ ಗಡಿಯಾಚೆಯ ಜಹೀರಾಬಾದಿನಲ್ಲಿ ಓಣಿಗೊಬ್ಬರಿದ್ದರು. (ತಾಯಿ ಬಾಳಮ್ಮ ಗಾಣಗಾಪುರದ ದತ್ತಾತ್ರೇಯನಿಗೆ ಹರಕೆ ಹೊತ್ತು ಇಟ್ಟ ಹೆಸರದು. ಮುಂದೆ ಹೀಗಾಗುತ್ತದೆಂದು ಪಾಪ, ಆ ದೇವರಿಗೂ ಗೊತ್ತಿರಲಿಲ್ಲ.)

ಹೋಗಲಿ, ಜನರ ಬಾಯಿಂದ ತಪ್ಪಿಸಿಕೊಳ್ಳುವಂಥ ನೌಕರಿಯಾದರೂ ಇತ್ತೇ ಎಂದರೆ, ದತ್ತು ಬಸ್ ಕಂಡಕ್ಟರ್. ಬೀದರದಿಂದ ಜಹೀರಾಬಾದಿನ ಮೇಲೆ ಹೈದರಾಬಾದಿಗೆ ಹೋಗುವ ಬಸ್ಸು. ಗಂಟೆಗಟ್ಟಲೆ ಕುಳಿತ ಪ್ರಯಾಣಿಕರಿಗೆ ಕಂಡಕ್ಟರನ ಸಂಸಾರಕ್ಕಿಂತ ರುಚಿಯಾದ ವಿಷಯ ಬೇರೇನಿದೆ? "ಎಷ್ಟು ಮಕ್ಕಳ್ರಿ?" ಎಂದು ಶುರುವಾದದ್ದು, ಇಳಿಯುವ ಹೊತ್ತಿಗೆ ಒಬ್ಬ ಡಾಕ್ಟರನ ವಿಳಾಸಕ್ಕೆ ಬಂದು ಮುಟ್ಟುತ್ತಿತ್ತು. ಚಿಲ್ಲರೆ ಕೊಡದವರೂ ಸಲಹೆ ಕೊಡದೆ ಇಳಿದದ್ದಿಲ್ಲ.

ಹೆಂಡತಿ ಜಗದೇವಿ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ಊರಿನ ಕೂಸುಗಳಿಗೆಲ್ಲ ಅವಳು ಹೊಲಿದ ಕುಲಾಯಿಯೇ ಆಗಬೇಕು. ಆದರೆ ಕುಬಸದ ದಿನ ಬಸುರಿಗೆ ಉಡಿ ತುಂಬುವಾಗ ಮಾತ್ರ "ನೀ ಒಂದಿಷ್ಟು ಹಿಂದ ಸರಿಯವ್ವಾ" ಎನ್ನುತ್ತಿದ್ದರು. ಅವಳು ಹಿಂದೆ ಸರಿಯುತ್ತಿದ್ದಳು. ಮನೆಗೆ ಬಂದು ಮಷೀನನ್ನು ಎಷ್ಟು ಜೋರಾಗಿ ತುಳಿಯುತ್ತಿದ್ದಳೆಂದರೆ, ಆ ದಿನ ಹೊಲಿದ ರವಿಕೆಗಳ ಹೊಲಿಗೆ ಬಟ್ಟೆ ಹರಿದರೂ ಬಿಚ್ಚುತ್ತಿರಲಿಲ್ಲ.

ಡಾಕ್ಟರ್ ಬೇಕು ಎಂಬುದರಲ್ಲಿ ಗಂಡ ಹೆಂಡಿರಿಗೆ ಭಿನ್ನಾಭಿಪ್ರಾಯವಿರಲಿಲ್ಲ. ಯಾವ ಡಾಕ್ಟರ್ ಎಂಬಲ್ಲಿ ಮಾತ್ರ ಮಹಾಯುದ್ಧ. ದತ್ತುವಿನ ಮನಸ್ಸು ಹೈದರಾಬಾದಿನ ಒಂದು ಗಾಜಿನ ದವಾಖಾನೆಯ ಮೇಲೆ. ಅದರ ಬೋರ್ಡಿನಲ್ಲಿ ಬೆಣ್ಣೆಯಂಥ ಬಿಳಿಯ ಕೂಸೊಂದು ನಗುತ್ತಿತ್ತು. ಬಸ್ಸು ಅದರ ಮುಂದೆ ಹಾದಾಗಲೆಲ್ಲ ದತ್ತು ತಾನೂ ನಗುತ್ತಿದ್ದ. ಜಗದೇವಿಯ ಮನಸ್ಸು ಬೀದರದ ಡಾಕ್ಟರ್ ಶಿಲ್ಪಾರಾಣಿಯ ಮೇಲೆ.

"ಗಂಡ ಹೇಣ್ತಿ ಇಬ್ಬರನೂ ಕುಂದರ್ಸಿ ಮಾತಾಡ್ತಾರಂತ್ರೀ. ಸಾಯಮ್ಮಕ್ಕ ಹೇಳ್ಯಾಳ" ಎಂದಳು ಜಗದೇವಿ. ಸಾಯಮ್ಮ ಎಂದರೆ ದತ್ತುವಿನ ಬಸ್ಸಿನ ಡ್ರೈವರ್ ಯಂಕಪ್ಪನ ಹೆಂಡತಿ.

"ಗಲ್ಲಿ ದವಾಖಾನಿ ಅದು! ಲಿಫ್ಟ್ ಸುದ್ದಾ ಇಲ್ಲ."

"ನಾ ಏನ್ ಲಿಫ್ಟ್ ಹಡೀಬೇಕಾಗ್ಯಾದೇನು?"

ಇಂಥ ಹೊತ್ತಿಗೆ ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ಸಕಲ ಜನರ ಮುಷ್ಕರ ಶುರುವಾಯಿತು. ಆಫೀಸು ಬಂದ್, ಶಾಲೆ ಬಂದ್, ಬಸ್ಸೂ ಬಂದ್. ಡಿಪೋದ ಮುಂದೆ ಶಾಮಿಯಾನ ಎದ್ದಿತು. ದತ್ತು ದಿನಾ ಅಲ್ಲಿ ಹೋಗಿ ಜಮಖಾನೆಯ ಮೇಲೆ ಕುಳಿತು, ಕೂಗುವಾಗ ಕೂಗಿ, ಚಹಾ ಬಂದಾಗ ಕುಡಿದು ಹೋರಾಡುತ್ತಿದ್ದ. ಹಾಗೆ ಕುಳಿತಾಗಲೇ ಅವನಿಗೊಂದು ಘನವಾದ ವಿಚಾರ ಹೊಳೆಯಿತು. ದಿಕ್ಕು ದಿಕ್ಕಿಗೆ ಬಸ್ಸು ಓಡಿಸಿದ ಡ್ರೈವರ್, ಕಂಡಕ್ಟರುಗಳೆಲ್ಲ ಒಂದೇ ಟೆಂಟಿನ ಕೆಳಗಿದ್ದಾರೆ. ಇಂಥ ಜ್ಞಾನಸಾಗರ ಮತ್ತೆ ಸಿಕ್ಕೀತೇ? ಮೆಲ್ಲಗೆ ಯಂಕಪ್ಪನ ಕಿವಿಯಲ್ಲಿ ಉಸುರಿದ.

"ಯಂಕಪ್ಪಣ್ಣ, ನಮ್ಮ ದೋಸ್ತ ಒಬ್ಬಾಂವ ಇದ್ದಾನ. ಅಂವಗ ಮಕ್ಕಳಾಗಿಲ್ಲ. ಹೈದರಾಬಾದಿಗಿ ಹೋದ್ರ ಛಲೋನೋ, ಬೀದರಿಗಿ ಹೋದ್ರ ಛಲೋನೋ ಅಂತ ಕೇಳಾಕತ್ತಾನ."

ಯಂಕಪ್ಪ ದೊಡ್ಡ ಮನಸ್ಸಿನವನು. ಗುಟ್ಟನ್ನು ಒಬ್ಬನೇ ಇಟ್ಟುಕೊಂಡು ಅವನಿಗೆ ಗೊತ್ತಿಲ್ಲ. ಸಂಘದ ಮುಖಂಡ ಬಂಡೆಪ್ಪನಿಗೆ ದಾಟಿಸಿದ. ಭಾಷಣಕಾರರು ಊಟಕ್ಕೆ ಹೋಗಿದ್ದರಿಂದ ಬಂಡೆಪ್ಪನ ಕೈಯಲ್ಲಿ ಮೈಕು ಸುಮ್ಮನೆ ಒಣಗುತ್ತಿತ್ತು.

"ಅಣ್ಣತಮ್ಮಂದಿರಾ!" ಎಂದು ಅವನು ತೆಲುಗು, ಕನ್ನಡ, ಹಿಂದಿ ಮೂರರಲ್ಲೂ ಸಾರಿದ. "ನಮ್ಮ ದತ್ತುನ ದೋಸ್ತಗ ಮಕ್ಕಳಿಲ್ಲ! ಹೈದರಾಬಾದಿಗಿ ಹೋಗ್ಬೇಕೋ, ಬೀದರಿಗಿ ಹೋಗ್ಬೇಕೋ? ಕೈ ಎತ್ರಿ!"

ಡಿಪೋದ ಗೋಡೆಯಾಚೆಯ ಕಬ್ಬಿನ ರಸದಂಗಡಿಯವರೆಗೂ ಮೈಕು ಕೇಳಿಸಿತು. ಮುದುಕ ಮೆಕ್ಯಾನಿಕ್ ಒಬ್ಬ ಬೀದರಿಗೆ ಕೈ ಎತ್ತಿದ. ತಕ್ಷಣ ಎರಡು ಸಾಲು ಎದ್ದು ನಿಂತವು. "ಹೈದರಾಬಾದ್ ಬಿಟ್ಟು ಕೊಡ್ತಿಯೇನೋ? ಹೈದರಾಬಾದ್ ನಮ್ಮದು!" ಆ ದಿನಗಳಲ್ಲಿ ರಾಜ್ಯ ಒಡೆದರೆ ಹೈದರಾಬಾದ್ ಯಾರಿಗೆ ಎಂಬುದೇ ದೊಡ್ಡ ಜಗಳ; ಅದನ್ನು ಬಿಟ್ಟುಕೊಡುವ ಮಾತು ಯಾರು, ಯಾಕಾಗಿ ಆಡಿದರೂ ದ್ರೋಹವೇ. ಮುದುಕ ಹೆದರಿ ಕೈ ಇಳಿಸಿದ. ಹೀಗೆ ದತ್ತುವಿನ ದೋಸ್ತನು ಹೈದರಾಬಾದಿಗೇ ಹೋಗತಕ್ಕದ್ದೆಂದು, ಜಯಘೋಷಗಳ ನಡುವೆ ಸರ್ವಾನುಮತದ ನಿರ್ಣಯವಾಯಿತು.

ದತ್ತು ಮನೆ ಮುಟ್ಟುವ ಮೊದಲೇ ನಿರ್ಣಯ ಮುಟ್ಟಿತ್ತು.

"ಬಂದ್ರಿ?" ಎಂದಳು ಜಗದೇವಿ, ಮಷೀನಿನಿಂದ ತಲೆ ಎತ್ತದೆ. "ನಿಮ್ಮ ದೋಸ್ತನ ಹೇಣ್ತಿ ಆರಾಮ ಇದ್ದಾಳ?"

"ಯಾವ ದೋಸ್ತ?"

"ಮೈಕಿನಾಗ ಕೂಗ್ಸಿದ್ರಲ್ಲ, ಆತನ! ನನ್ನ ಹೊಟ್ಟಿ ಮ್ಯಾಲ ಊರ ಮಂದಿ ಕೈ ಎತ್ತಿ ವೋಟ್ ಹಾಕ್ಯಾರ. ನನಗೊಂದು ವೋಟ್ ಇಲ್ಲೇನು?"

ದತ್ತುವಿನ ಬಳಿ ಇದ್ದದ್ದು ಬಹುಮತ ಮಾತ್ರ. ಎರಡು ದಿನ ಚಹಾಕ್ಕೆ ಸಕ್ಕರೆಯಿಲ್ಲ, ಮೂರನೆಯ ದಿನ ಸಾರಿಗೆ ಉಪ್ಪಿಲ್ಲ. ಕೊನೆಗೆ ಜಗದೇವಿಯೇ ಹೇಳಿದಳು: "ಆತು, ನಡೀರಿ. ನಿಮ್ಮ ಗಾಜಿನ ದವಾಖಾನಿ ನೋಡೇ ಬಿಡಮು. ಸರಿ ಬರ್ಲಿಲ್ಲಂದ್ರ ಮುಂದಿಂದು ನನ್ನ ಮಾತು."

ಬಸ್ಸಿಲ್ಲ. ಅಲ್ಲಲ್ಲಿ ರಸ್ತೆ ತಡೆ. ಪರಿಚಯದವನ ಹಸಿಶುಂಠಿಯ ಲಾರಿ ಹತ್ತಿ, ಮೂಟೆಗಳಿಗೆ ಒರಗಿಕೊಂಡು, ದಾರಿಯಲ್ಲಿ ತಡೆದವರಿಗೆಲ್ಲ ದತ್ತು ತನ್ನ ಖಾಕಿ ಅಂಗಿ ತೋರಿಸಿ "ಜೈ ತೆಲಂಗಾಣ" ಎನ್ನುತ್ತ ಹೈದರಾಬಾದ್ ಮುಟ್ಟಿದ್ದಾಯಿತು. ಗಾಜಿನ ಬಾಗಿಲು ತಾನಾಗಿ ತೆರೆಯಿತು. ಒಳಗಿನ ತಣ್ಣನೆಯ ಹವೆಯಲ್ಲಿ ಇಬ್ಬರೂ ಘಮಘಮ ಶುಂಠಿ ವಾಸನೆ ಬಿಟ್ಟುಕೊಂಡು ನಿಂತರು. ಮೆತ್ತನೆಯ ಸೋಫಾದವರು ಒಬ್ಬೊಬ್ಬರೇ ಸೀನತೊಡಗಿದರು.

ಕೌಂಟರಿನ ಹುಡುಗಿ ನಗುತ್ತ, ಚಿಕಿತ್ಸೆಯಲ್ಲಿ ಮೂರು ತರಗತಿ ಇವೆ ಎಂದಳು: ಬೆಳ್ಳಿ, ಬಂಗಾರ, ವಜ್ರ.

"ನಾವು ದವಾಖಾನಿಗಿ ಬಂದೀವೋ, ಸರಾಫ ಬಜಾರಿಗೋ?" ಎಂದು ಜಗದೇವಿ ಗಂಡನ ಕಿವಿ ಕಚ್ಚಿದಳು.

ಡಾಕ್ಟರು ಕಂಪ್ಯೂಟರಿನ ಮುಖ ನೋಡುತ್ತಲೇ ಜಗದೇವಿಗೆ ಪರೀಕ್ಷೆಗಳ ಮೇಲೆ ಪರೀಕ್ಷೆ ಬರೆದರು. ಅವಳು ಗಂಡನತ್ತ ಬೆರಳು ಮಾಡಿ, ಬಂದಷ್ಟು ತೆಲುಗಿನಲ್ಲಿ ಕೇಳಿದಳು, ಇವರದೇನೂ ನೋಡುವುದಿಲ್ಲವೇ ಎಂದು. ಅದೆಲ್ಲ ಆಮೇಲೆ, ಮೊದಲು ಲೇಡೀಸ್ ಎಂದರು ಅವರು.

ದತ್ತುವಿಗೆ ಇದು ಬಹಳ ಒಪ್ಪಿಗೆಯಾಯಿತು. "ಖರೇ ಅದ. ನಮ್ಮ ಬಸ್ಸಿನಾಗೂ ಮುಂದಿನ ಸೀಟು ಲೇಡೀಸಿಗೇ" ಎಂದ.

ಜಗದೇವಿ ಎದ್ದು ನಿಂತಳು. ಗಾಜಿನ ಬಾಗಿಲು ಮತ್ತೆ ತಾನಾಗಿ ತೆರೆಯಿತು.

ವಾಪಸ್ಸು ಬರುವಾಗ ಖಾಲಿ ಲಾರಿ ಕುಣಿಯುತ್ತಿತ್ತು. ಸದಾಶಿವಪೇಟೆ ದಾಟಿದ ಮೇಲೆ ಜಗದೇವಿ ಹೇಳಿದಳು: "ನೋಡ್ರಿ, ಉಳ್ಳಾಗಡ್ಡಿ ನಾ ತೆಲುಗಿನಾಗ ತಗೋತೀನಿ. ಮಷೀನ್ ರಿಪೇರಿಯವನ ಸಂಗಾಟ ಹಿಂದಿಯಾಗ ಜಗಳಾಡ್ತೀನಿ. ಆದ್ರ ಈ ಒಂದು ಮಾತು ನನಗ ಕನ್ನಡದಾಗ ಹೇಳ್ಬೇಕಾಗ್ಯಾದ. ಕೇಳೋರು ನನ್ನ ಮಾರಿ ನೋಡ್ಬೇಕು. ಅಷ್ಟೇ."

ಮರುದಿನ ದತ್ತು ಯಂಕಪ್ಪನ ಮೋಟರ್‌ಸೈಕಲ್ ಬೇಡಿ ತಂದ. ಕರ್ನಾಟಕದ ಗಡಿ ದಾಟಿದರೆ ಬಂದ್ ಇಲ್ಲ, ಬೀದರದಲ್ಲಿ ಲೋಕ ಎಂದಿನಂತೆ ನಡೆದಿತ್ತು.

ಶಿಲ್ಪಾರಾಣಿಯವರ ದವಾಖಾನೆ ಗಲ್ಲಿಯಲ್ಲೇ ಇತ್ತು, ಲಿಫ್ಟ್ ಇರಲಿಲ್ಲ, ಬೆಂಚುಗಳು ಅಲುಗಾಡುತ್ತಿದ್ದವು. ದತ್ತು ಈ ಮೂರನ್ನೂ ಹೆಂಡತಿಗೆ ಕಣ್ಣಿನಲ್ಲೇ ತೋರಿಸಿ ಒಳಗೆ ಹೋದ. ಡಾಕ್ಟರು ಜಗದೇವಿಯ ಮಾತನ್ನು ನಡುವೆ ಬಾಯಿ ಹಾಕದೆ ಕೇಳಿದರು. ಆಮೇಲೆ ದತ್ತುವಿನ ಕಡೆ ತಿರುಗಿದರು.

"ನೀವೇನ್ ಕೆಲಸ ಮಾಡ್ತೀರಿ?"

"ಕಂಡಕ್ಟರ್ ಇದ್ದೀನ್ರಿ."

"ಬಸ್ಸಿನಾಗ ಎಲ್ಲಿ ಕೂಡ್ತೀರಿ?"

ಇದೆಂಥ ಪ್ರಶ್ನೆ? "ಡ್ರೈವರ್ ಬಾಜೂಕ, ಇಂಜಿನ್ ಬಾನೆಟ್ ಮ್ಯಾಲ್ರಿ. ಮಾತಾಡ್ಕೋತ ಹೋದ್ರ ಯಂಕಪ್ಪಣ್ಣಗ ನಿದ್ದಿ ಬರಂಗಿಲ್ಲ."

"ಬಿಸಿ ಆಗಂಗಿಲ್ಲೇನು?"

"ರೂಢಿ ಆಗ್ಯಾದ್ರಿ."

"ಬಾಯಾಗೇನದ?"

ದತ್ತುವಿನ ಬಾಯಲ್ಲಿ ತಂಬಾಕಿನ ಜರ್ದಾ ಇತ್ತು. ಗಾಬರಿಯಲ್ಲಿ ನುಂಗಿಬಿಟ್ಟ. ಮುಂದಿನ ಪ್ರಶ್ನೆಗಳಿಗೆಲ್ಲ ಅವನು ಬಿಕ್ಕಳಿಕೆಯಲ್ಲೇ ಉತ್ತರಿಸಬೇಕಾಯಿತು.

"ಇಬ್ಬರದೂ ನೋಡೋಣ. ನಿಮ್ಮದು ಸರಳ ಪರೀಕ್ಷೆ, ಅದಕ್ಕ ಅದೇ ಮೊದಲು" ಎಂದರು ಡಾಕ್ಟರು.

ಸರಳ ಪರೀಕ್ಷೆ! ನರ್ಸ್ ಈಶಮ್ಮನ ಗಂಟಲಿಗೆ ಬಂಡೆಪ್ಪನ ಮೈಕು ಬೇಕಿರಲಿಲ್ಲ. "ದತ್ತು ಯಾರ್ರೀ? ತಗೋರಿ ಡಬ್ಬಿ! ಆ ಮೂಲಿ ಖೋಲಿ!" ಬೆಂಚುಗಳ ಮೇಲಿದ್ದ ತಲೆಗಳೆಲ್ಲ ತಿರುಗಿದವು. ಅರ್ಧಕ್ಕರ್ಧ ಅವನದೇ ಬಸ್ಸಿನ ಗಿರಾಕಿಗಳು. "ಓ, ಕಂಡಕ್ಟರ್ ಸಾಹೇಬ್ರು! ಬಸ್ ಬಂದ್ ಅದ ಅಂತ ಇಲ್ಲಿ ಬಂದೀರೇನು?" ದತ್ತು ಡಬ್ಬಿಯನ್ನು ಟಿಕೆಟ್ ಚೀಲದಂತೆ ಕಂಕುಳಿಗೆ ಅವಚಿಕೊಂಡು ಮೂಲೆಯ ಕೋಣೆ ಸೇರಿದ. ಮುಂದಿನದನ್ನು ಅವನು ಯಾರಿಗೂ ಹೇಳಿಲ್ಲ, ಆದ್ದರಿಂದ ನಮಗೂ ಗೊತ್ತಿಲ್ಲ.

ಪರೀಕ್ಷೆಯ ಫಲಿತಾಂಶ ಬಂದ ದಿನ ಡಾಕ್ಟರು ಹೇಳಿದರು: "ಜಗದೇವಿಯವರಿಗೆ ರಕ್ತ ಒಂದಿಷ್ಟು ಕಮ್ಮಿ, ಗುಳಿಗಿ ಕೊಡ್ತೀನಿ. ಬ್ಯಾರೆ ಏನೂ ತೊಂದ್ರಿ ಇಲ್ಲ. ನಿಮ್ಮದರಾಗ ಮಾತ್ರ ಬೀಜದ ಸಂಖ್ಯೆ ಕಡಿಮಿ ಅದ. ಇದ್ದವೂ ಚುರುಕಾಗಿ ಓಡಾಡ್ತಾ ಇಲ್ಲ."

"ಅಂದ್ರ?" ಎಂದ ದತ್ತು.

"ಅಂದ್ರ ಅವೂ ಮುಷ್ಕರ ಹೂಡ್ಯಾವ್ರಿ" ಎಂದಳು ಜಗದೇವಿ.

ಡಾಕ್ಟರು ನಕ್ಕರು. ಜಗದೇವಿಯೂ ನಕ್ಕಳು. ಎಷ್ಟೋ ವರ್ಷಗಳ ಮೇಲೆ ಅವಳು ಹಾಗೆ ನಕ್ಕಿದ್ದು, ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡದ್ದು. ದತ್ತು ಒಬ್ಬನೇ ನಗಲಿಲ್ಲ.

"ಹೆದರಬ್ಯಾಡ್ರಿ" ಎಂದರು ಡಾಕ್ಟರು. "ಜರ್ದಾ ಇವತ್ತೇ ಬಿಡ್ರಿ. ಬಾನೆಟ್ ಮ್ಯಾಲ ಮತ್ತ ಕೂಡಬ್ಯಾಡ್ರಿ, ಆ ಬಿಸಿ ಛಲೋ ಅಲ್ಲ. ಔಷಧ ತಗೋರಿ. ಕೆಲವು ತಿಂಗಳು ಬಿಟ್ಟು ಮತ್ತ ನೋಡಮು. ಎಷ್ಟೋ ಮಂದಿಗಿ ಇಷ್ಟರಾಗೇ ಸುಧಾರಸ್ತದ. ಇಲ್ಲಂದ್ರ ಮುಂದಿನ ದಾರಿಗಳೂ ಅವ."

ವಾಪಸ್ಸಿನ ದಾರಿಯಲ್ಲಿ ದತ್ತು ಗಾಡಿಯನ್ನು ಹುಣಸೆಮರದ ಕೆಳಗೆ ನಿಲ್ಲಿಸಿದ. ಕುಬಸಗಳಲ್ಲಿ ಹಿಂದೆ ಸರಿದು ನಿಂತ ಹೆಂಡತಿ ಕಣ್ಣ ಮುಂದೆ ಬರುತ್ತಿದ್ದಳು.

"ಅಳಾಕತ್ತೀರೇನು?" ಎಂದಳು ಜಗದೇವಿ.

"ಧೂಳು."

"ಆತು ತಗೋರಿ, ಧೂಳು ಒರೆಸ್ಕೋರಿ" ಎಂದು ಅವಳು ಸೆರಗಿನ ತುದಿ ಮುಂದೆ ಚಾಚಿದಳು.

ಬಾಗಿಲಲ್ಲೇ ಬಾಳಮ್ಮ ಕಾದಿದ್ದಳು. "ಏನಂದ್ಳು ಡಾಕ್ಟರ್? ಸೊಸಿಗಿ ಏನ್ ಕಮ್ಮಿ ಅದಂತ?"

ಜಗದೇವಿ ಚಪ್ಪಲಿ ಬಿಡುವುದರಲ್ಲೇ ಬಹಳ ಹೊತ್ತು ಕಳೆದಳು. ದತ್ತುವಿಗೆ ಬೇಕಿದ್ದರೆ ಕೆಮ್ಮಿ ಒಳಗೆ ಹೋಗಬಹುದಿತ್ತು. ಇಷ್ಟು ವರ್ಷ ಹಾಗೆಯೇ ಹೋಗಿದ್ದ. ಇಂದು ಹೊಸ್ತಿಲ ಮೇಲೆ ನಿಂತ.

"ಸೊಸಿಗಿ ಏನೂ ಕಮ್ಮಿ ಇಲ್ಲವ್ವಾ. ಕಮ್ಮಿ ಇರೋದು ನನಗ."

ಬಾಳಮ್ಮ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಯಾವ ಭಾಗ ಬಿದ್ದುಹೋಗಿದೆ ಎಂದು ಹುಡುಕುವವಳಂತೆ. ಬೈಯಲಿಲ್ಲ, ಅಳಲಿಲ್ಲ. ಮರುದಿನ ಬೆಳಿಗ್ಗೆ ಸೊಸೆಗೆಂದು ಕುದಿಸುತ್ತಿದ್ದ ಕಹಿ ಕಷಾಯದ ಲೋಟವನ್ನು ತಂದು ಮಗನ ಮುಂದೆ ಕುಕ್ಕಿದಳು. "ಕುಡಿ. ಒಂದು ಹನಿ ಬಿಡಬ್ಯಾಡ." ಆಮೇಲೆ ಮಷೀನಿನ ಪಕ್ಕ ಹೋಗಿ ಕುಳಿತು, ಕೇಳದೆಯೇ ರವಿಕೆಗಳಿಗೆ ಹುಕ್ಕು ಹಚ್ಚತೊಡಗಿದಳು. ಕ್ಷಮೆ ಕೇಳುವುದು ಆ ಮುದುಕಿಗೆ ಬರುತ್ತಿರಲಿಲ್ಲ, ಹುಕ್ಕು ಹಚ್ಚುವುದು ಬರುತ್ತಿತ್ತು.

ಮುಷ್ಕರ ಮುಗಿಯಿತು, ಬಸ್ಸುಗಳು ಹೊರಟವು. ದತ್ತು ಹಿಂದಿನ ಸೀಟಿಗೆ ಬಡ್ತಿ ಹೊಂದಿದ. ಕಾರಣ ಕೇಳಿದವರಿಗೆ ಯಂಕಪ್ಪನೇ ಸ್ಟೇರಿಂಗ್ ಬಿಡದೆ ವಿವರಿಸುತ್ತಿದ್ದ. ಮೊದಮೊದಲು ದತ್ತುವಿಗೆ ಭೂಮಿ ಬಾಯಿಬಿಡಬಾರದೇ ಎನಿಸುತ್ತಿತ್ತು. ಬರಬರುತ್ತ ಪಕ್ಕಕ್ಕೆ ಕರೆದು "ಆ ಡಾಕ್ಟರ್ ಎಲ್ಲಿ ಕೂಡ್ತಾರ್ರಿ? ನಮ್ಮ ದೋಸ್ತ ಒಬ್ಬಾಂವ ಇದ್ದಾನ" ಎಂದು ಪಿಸುಗುಟ್ಟುವ ಗಂಡಸರು ಹೆಚ್ಚಾದರು. ದತ್ತು ಮೈಕಿಲ್ಲದೆ ವಿಳಾಸ ಹೇಳುತ್ತಿದ್ದ. ಎರಡನೆಯ ಪರೀಕ್ಷೆಯಲ್ಲಿ ಅವನದು ಬಹಳ ಸುಧಾರಿಸಿತ್ತು.

ಮರುವರ್ಷ ಮುಂಗಾರಿನ ಒಂದು ಮಧ್ಯಾಹ್ನ ಬಸ್ಸು ಬೀದರದಲ್ಲಿ ನಿಂತಿತ್ತು. ಅಸ್ತರ ಬಟ್ಟೆ ತರುತ್ತೇನೆಂದು ಬೆಳಿಗ್ಗೆ ಸಾಯಮ್ಮನ ಜೊತೆ ಹೋಗಿದ್ದ ಜಗದೇವಿ ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕುಳಿತಳು. ಬಟ್ಟೆಯ ಗಂಟು ಕೈಯಲ್ಲಿರಲಿಲ್ಲ. ದತ್ತು ಟಿಕೆಟ್ ಮಷೀನು ಹಿಡಿದು ಬಂದ. ಕೆಲಸದ ಮೇಲಿದ್ದಾಗ ಅವನು ಹೆಂಡತಿಗೂ ಕಂಡಕ್ಟರೇ.

"ಎಲ್ಲಿಗ್ರಿ?"

"ಜಹೀರಾಬಾದ್. ಸಾಯಮ್ಮಕ್ಕಂದು ಒಂದು, ನಂದು ಒಂದೂವರಿ ಕೊಡ್ರಿ."

ದತ್ತು ಸೀಟಿನ ಕೆಳಗೆ ಬಗ್ಗಿ ನೋಡಿದ, ಹಿಂದೆ ನೋಡಿದ. "ಅರ್ಧ ಯಾರಿಗಿ? ಹುಡುಗರು ಎಲ್ಲಿದ್ದಾರ? ಯಾರ ಮನಿ ಹುಡುಗರನ್ನ ಕರ್ಕೊಂಡು ಬಂದೀರಿ?"

ಜಗದೇವಿ ಸೆರಗು ಸರಿಮಾಡಿಕೊಂಡು ಕಿಟಕಿಯಾಚೆ ನೋಡಿದಳು. ಸಾಯಮ್ಮ ಕಿಸಕ್ಕನೆ ನಕ್ಕಳು. ಹಿಂದಿನ ಸಾಲಿನ ಹೆಂಗಸರಿಗೆ ತಿಳಿಯಿತು, ಅವರ ಹಿಂದಿನವರಿಗೆ ತಿಳಿಯಿತು, ಬಾಗಿಲಲ್ಲಿ ಜೋತುಬಿದ್ದವರಿಗೂ ತಿಳಿಯಿತು. ದತ್ತು ಮಾತ್ರ ಹಟ ಬಿಡಲಿಲ್ಲ.

"ನಗಬ್ಯಾಡ್ರಿ, ರೂಲ್ ಅಂದ್ರ ರೂಲ್. ವಯಸ್ಸೆಷ್ಟು ಹೇಳ್ರಿ. ಐದು ವರ್ಷದ ಒಳಗಿದ್ರ ಟಿಕೆಟ್ ಬ್ಯಾಡ."

"ಐದು ಆಗಿಲ್ರಿ" ಎಂದಳು ಜಗದೇವಿ, ಇನ್ನೂ ಕಿಟಕಿಯಾಚೆಯೇ ನೋಡುತ್ತ. "ಈಗ ಎರಡು ತಿಂಗಳಂತ. ಡಾಕ್ಟರ್ ಹೇಳ್ಯಾರ, ಹೊರಗ ಬರಾಕ ಇನ್ನಾ ಟೈಮ್ ಅದ."

ದತ್ತುವಿನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಯಂಕಪ್ಪ ಹಾರನ್ ಮೇಲೆ ಕೈಯಿಟ್ಟು ಬೀದರದ ಬಸ್ ಸ್ಟ್ಯಾಂಡೆಲ್ಲ ಮೊಳಗಿಸಿದ. ಇಡೀ ಬಸ್ಸು ಕಂಡಕ್ಟರನ ಒಂದು ಮಾತಿಗಾಗಿ ಕಾಯಿತು. ಅವನು ಕಂಬ ಹಿಡಿದು ನಿಂತೇ ಇದ್ದ. ಮೂಗಿನಿಂದ ನೀರು, ಕಣ್ಣಿನಿಂದ ನೀರು, ಗಂಟಲಿನಿಂದ ಮಾತ್ರ ಏನೂ ಇಲ್ಲ.

"ಇವ್ರು ಹಿಂಗೇ ನಿಂತ್ರ ಬಸ್ ಹೋದಂಗೇ" ಎಂದು ಜಗದೇವಿ ಎದ್ದಳು. ಮುಂದೆ ಬಾಗಿ ಡ್ರೈವರನ ಸೀಟಿನ ಬೆನ್ನಿಗೆ ಎರಡು ಸಲ ತಟ್ಟಿ ಕೂಗಿದಳು:

"ರೈಟ್, ಯಂಕಪ್ಪಣ್ಣಾ! ರೈಟ್, ರೈಟ್!"