ರೇಡಿಯೊ ಅಪ್ಪನಿಂದ ಬಿಡುಗಡೆ

ಡಾರ್ಸಿ ಕುಬಿಕ್ ಹೆತ್ತವರಿಂದ ಬಿಡುಗಡೆ ಕೇಳಿ ಕೋರ್ಟಿಗೆ ಹೋದದ್ದು ಒಂದು ಮೊಡವೆಯ ದೆಸೆಯಿಂದ. ಹದಿನಾರರ ಹುಡುಗಿಯ ಮೂಗಿನ ತುದಿಯಲ್ಲಿ ಮೊಡವೆ ಏಳುವುದು ಲೋಕದಲ್ಲಿ ಎಲ್ಲೂ ಸುದ್ದಿಯಲ್ಲ. ನಮ್ಮ ವೆಲ್‌ಬೋರ್ನ್‌ನಲ್ಲಿ ಅದು ಸುದ್ದಿಯಾಯಿತು. ಏಕೆಂದರೆ ಅವಳ ಅಪ್ಪ ಲೈಲ್ ಕುಬಿಕ್ ಊರಿನ ರೇಡಿಯೊದಲ್ಲಿ 'ಕೊಡುವವರು, ಬೇಡುವವರು' ಕಾರ್ಯಕ್ರಮ ನಡೆಸುವ ಮನುಷ್ಯ.

ಬೆಳಿಗ್ಗೆ ಏಳೂವರೆಗೆ ಒಮ್ಮೆ, ಸಂಜೆ ಐದೂವರೆಗೆ ಒಮ್ಮೆ. ಹಳೆಯ ಸೋಫಾ ಮಾರುವವರು, ಬೆಕ್ಕಿನ ಮರಿ ಬಿಟ್ಟಿ ಕೊಡುವವರು, ಒಂಟಿ ಕೈಗವಸು ಕಳೆದುಕೊಂಡವರು ಫೋನ್ ಮಾಡುತ್ತಾರೆ. ಕೊಟ್ಟಿಗೆಯಲ್ಲಿ, ಟ್ರ್ಯಾಕ್ಟರಿನಲ್ಲಿ, ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಇಡೀ ಕೌಂಟಿ ಕೇಳುತ್ತದೆ. ದಕ್ಷಿಣ ಡಕೋಟಾದ ಈ ಬಯಲಲ್ಲಿ ಕೇಳಲು ಇರುವುದು ಎರಡೇ, ಗಾಳಿ ಮತ್ತು ಲೈಲ್. ಕರೆಗಳ ನಡುವೆ ಬಿಡುವಾದರೆ ಲೈಲ್ ಮನೆಯ ಸಮಾಚಾರ ಹೇಳುತ್ತಾನೆ. ಮನೆಯ ಸಮಾಚಾರವೆಂದರೆ ಡಾರ್ಸಿ. ಅವಳು ಮೊದಲ ಹಲ್ಲು ಉದುರಿಸಿಕೊಂಡದ್ದು, ಈಸ್ಟರ್ ಪ್ರಾರ್ಥನೆಯ ನಡುವೆ ಗೊರಕೆ ಹೊಡೆದದ್ದು, ಡ್ರೈವಿಂಗ್ ಪರೀಕ್ಷೆಯಲ್ಲಿ ಬ್ಯಾಂಕಿನ ಮುಂದಿನ ಹೂಕುಂಡಕ್ಕೆ ಗುದ್ದಿದ್ದು, ಮರುಪರೀಕ್ಷೆಯಲ್ಲಿ ಅದೇ ಕುಂಡಕ್ಕೆ ಮತ್ತೆ ಗುದ್ದಿದ್ದು, ಒಂದೂ ಬಿಟ್ಟಿಲ್ಲ. ರಾತ್ರಿ ಊಟದ ಮೇಜಿನಲ್ಲಿ ಅಮ್ಮ ಜೋಲೀನ್ ಸುದ್ದಿ ಕೆದಕಿ ತೆಗೆಯುತ್ತಾಳೆ, ಬೆಳಿಗ್ಗೆ ಅಪ್ಪ ಗಾಳಿಗೆ ಬಿಡುತ್ತಾನೆ.

ಮೊಡವೆಯ ದಿನ ಲೈಲ್ ಕೇಳುಗರಲ್ಲಿ ಮನೆಮದ್ದು ಕೇಳಿದ. ಮಧ್ಯಾಹ್ನದೊಳಗೆ ಹನ್ನೊಂದು ಮದ್ದು ಬಂದವು. ಕುದುರೆಯ ಗೊರಸಿಗೆ ಹಚ್ಚುವ ಮುಲಾಮಿನ ಡಬ್ಬಿಯನ್ನು ಯಾರೋ ಬಾಗಿಲ ಮುಂದೆ ಇಟ್ಟು ಹೋದರು. ಬೆಣ್ಣೆ ಹಚ್ಚು ಎಂದವನು ನಾನೇ. ಈಗ ಮುಚ್ಚಿಟ್ಟು ಏನು ಪ್ರಯೋಜನ?

ಅಂದೇ ಡಾರ್ಸಿ ಲೈಬ್ರರಿಗೆ ಹೋಗಿ ಕಾನೂನಿನ ಪುಸ್ತಕ ತೆಗೆಸಿದಳು. ಹದಿನಾರು ತುಂಬಿರಬೇಕು, ಹೆತ್ತವರ ಮನೆ ಬಿಟ್ಟು ಬೇರೆ ಇರಬೇಕು, ತನ್ನ ಅನ್ನ ತಾನು ದುಡಿಯಬೇಕು, ಬುದ್ಧಿ ಬಲಿತಿದೆಯೆಂದು ನ್ಯಾಯಾಧೀಶರಿಗೆ ಮನವರಿಕೆ ಮಾಡಬೇಕು. ಇಷ್ಟಾದರೆ ಕೋರ್ಟು ಅವಳನ್ನು ದೊಡ್ಡವಳೆಂದು ಘೋಷಿಸುತ್ತದೆ. ಆಮೇಲೆ ಅವಳ ಮೇಲೆ ಅಪ್ಪ ಅಮ್ಮನ ಅಧಿಕಾರವಿಲ್ಲ. ಅರ್ಜಿಯ ಕಾರಣದ ಜಾಗದಲ್ಲಿ ಅವಳು ಬರೆದದ್ದು ಒಂದೇ ಸಾಲು: ನನ್ನ ಬದುಕಿನ ಕತೆಯನ್ನು ಹೇಳುವುದಿದ್ದರೆ ನಾನೇ ಹೇಳಬೇಕು.

ಅಪ್ಪ ಅಮ್ಮ ಜಗಳವಾಡಿದ್ದರೆ ಅವಳಿಗೂ ಹಾಯೆನಿಸುತ್ತಿತ್ತೇನೋ. ಜೋಲೀನ್ ಸ್ವಲ್ಪ ಹೊತ್ತು ಅತ್ತು, ಕೋರ್ಟಿಗೆ ಯಾವ ಅಂಗಿ ಹಾಕಿಕೊಳ್ಳುತ್ತೀ ಎಂದು ಕೇಳಿದಳು. ಲೈಲ್ ತಾನೇ ಹಾಸಿಗೆ ಹೊತ್ತುಕೊಂಡು ಹೋಗಿ, ಮಾರ್ಲಿಸ್ ಟ್ವೆಟ್ ಎಂಬ ವಿಧವೆಯ ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಕೋಣೆಯಲ್ಲಿ ಹಾಸಿ ಬಂದ. ಮರುದಿನ ರೇಡಿಯೊದಲ್ಲಿ, ನಮ್ಮಿಂದ ಬಿಡುಗಡೆ ಕೇಳಿರುವ ಮಗಳಿಗೆ ಒಂದು ಮೇಜು ಬೇಕಾಗಿದೆ ಎಂದ. ಮೂರು ಮೇಜು ಬಂದವು. ಎರಡು ಇನ್ನೂ ಅಂಗಡಿಯ ಮುಂದೆ ನೆನೆಯುತ್ತಿವೆ.

ಹೀಗೆ ಒಂದು ತಿಂಗಳು ಕಳೆದು ವಿಚಾರಣೆಯ ಮಂಗಳವಾರ ಬಂತು. ಕೋರ್ಟು ಇರುವುದು ನಲವತ್ತು ಮೈಲಿ ಆಚೆ, ವಿಚಾರಣೆ ಹತ್ತಕ್ಕೆ. ಡಾರ್ಸಿಗೆ ಲೈಸೆನ್ಸ್ ಇಲ್ಲ, ಹೂಕುಂಡದ ಕಾರಣ. ಆದ್ದರಿಂದ ಮಂಗಳವಾರ ವೃದ್ಧರನ್ನು ಆಸ್ಪತ್ರೆಗೆ ಕರೆದೊಯ್ಯುವ ವ್ಯಾನಿನಲ್ಲಿ ಒಂದು ಸೀಟು ಗೊತ್ತು ಮಾಡಿಕೊಂಡಿದ್ದಳು. ಯಾರಿಗೂ ಹೇಳದೆ ಹೋಗಿ, ಗೆದ್ದು, ಯಾರಿಗೂ ಹೇಳದೆ ಬರುವುದು ಅವಳ ಯೋಜನೆ. ಏಳು ಗಂಟೆಗೆ ವ್ಯಾನಿನ ಚಾಲಕನ ದವಡೆ ಹಲ್ಲು ಕೈಕೊಟ್ಟಿತು. ವ್ಯಾನು ಹೊರಡುವುದಿಲ್ಲ ಎಂದು ಸುದ್ದಿ ಬಂತು.

ನಲವತ್ತು ಮೈಲಿ ನಡೆದಾದರೂ ಹೋಗುತ್ತೇನೆ ಎಂದು ಅವಳು ಬೂಟಿನ ದಾರ ಬಿಗಿಯುತ್ತಿರುವಾಗ ಕೆಳಗೆ ಮಾರ್ಲಿಸ್ ಅಂಗಡಿಯ ಫೋನ್ ಎತ್ತಿಕೊಂಡಿದ್ದಳು. ಏಳು ಮೂವತ್ತೈದಕ್ಕೆ ರೇಡಿಯೊದಲ್ಲಿ ಲೈಲ್‌ನ ದನಿ ಕೇಳಿಸಿತು.

"ಒಂದು ತುರ್ತು ಬೇಡಿಕೆ ಬಂದಿದೆ. ನನ್ನ ಮಗಳು ಇವತ್ತು ನನ್ನಿಂದ ಬಿಡಿಸ್ಕೊಳ್ಳೋಕೆ ಕೋರ್ಟಿಗೆ ಹೋಗ್ಬೇಕು, ಗಾಡಿ ಇಲ್ಲ. ನಾನೇ ಕರ್ಕೊಂಡು ಹೋದ್ರೆ ಅವಳಿಗೆ ಮುಜುಗರ. ಯಾರಾದ್ರೂ ಆ ಕಡೆ ಹೋಗೋರಿದ್ರೆ ದಯವಿಟ್ಟು ಹತ್ತಿಸ್ಕೊಳ್ಳಿ."

ಹತ್ತು ನಿಮಿಷದಲ್ಲಿ ಅಂಗಡಿಯ ಮುಂದೆ ಆರು ವಾಹನ ನಿಂತವು. ಒಂದು ಹಾಲಿನ ಟ್ಯಾಂಕರು. ಕೋರ್ಟಿನ ಕಡೆ ಯಾರಿಗೂ ಏನೂ ಕೆಲಸವಿರಲಿಲ್ಲ, ಆದರೂ ಎಲ್ಲರೂ ಆ ಕಡೆಯೇ ಹೊರಟಿದ್ದರು. ಡಾರ್ಸಿ ಹಲ್ಲು ಕಚ್ಚಿಕೊಂಡು, ಕಾಳು ಗೋದಾಮಿನಿಂದ ನಿವೃತ್ತನಾದ ವರ್ಲಿನ್ ಶ್ಮಿಟ್‌ನ ಪಿಕಪ್ ಹತ್ತಿದಳು. ಅವನು ಕಡಿಮೆ ಮಾತಿನವನೆಂಬ ನಂಬಿಕೆಯಿತ್ತು. ಮೊದಲ ಐದು ಮೈಲಿ ಅವನು ಸುಮ್ಮನಿದ್ದದ್ದೂ ನಿಜ. ಆರನೇ ಮೈಲಿಯಲ್ಲಿ, ಒಬ್ಬರೇ ಇರುವವರು ಒಲೆ ಆರಿಸಿದ್ದೇವೆಯೇ ಎಂದು ಎರಡು ಸಲ ನೋಡಬೇಕು ಎಂದು ಶುರು ಮಾಡಿದವನು ಮೂವತ್ತೈದು ಮೈಲಿ ನಿಲ್ಲಿಸಲಿಲ್ಲ. ನಡುವೆ ಒಮ್ಮೆ ಅವಳು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಗೆಲ್ಲದಿದ್ದರೆ ಇನ್ನೆರಡು ವರ್ಷ, ಏಳುನೂರಕ್ಕೂ ಮಿಕ್ಕಿದ ಬೆಳಗುಗಳು ಎಂಬ ಲೆಕ್ಕ ಅವಳ ತಲೆಯಲ್ಲಿತ್ತು. ಹಿಂದೆ ಐದು ವಾಹನಗಳು ದೀಪ ಹಾಕಿಕೊಂಡು ಸಾಲಾಗಿ ಬರುತ್ತಿದ್ದವು. ಎದುರು ಬಂದವರು ಶವಯಾತ್ರೆಯೆಂದು ತಿಳಿದು ಟೋಪಿ ತೆಗೆದರು.

ಕೋರ್ಟಿನಲ್ಲಿ ಊರಿನವರು ಹದಿನೇಳು ಜನ ಕೂತಿದ್ದರು. ಇಬ್ಬರು ಹೆಂಗಸರು ಆಲೂಗಡ್ಡೆ, ಕೊಚ್ಚಿದ ಮಾಂಸ ಹಾಕಿ ಬೇಯಿಸಿದ ಅಡುಗೆಯ ತಟ್ಟೆಗಳನ್ನು ಟವೆಲಿನಲ್ಲಿ ಸುತ್ತಿ ತಂದಿದ್ದರು. ಯಾರದಾದರೂ ಜೀವನದಲ್ಲಿ ದೊಡ್ಡದೇನಾದರೂ ನಡೆದರೆ ನಮ್ಮವರು ಬರಿಗೈಯಲ್ಲಿ ಹೋಗುವುದಿಲ್ಲ. ಕಾರ್ಯಕ್ರಮ ಮುಗಿಸಿ ಓಡಿಬಂದ ಲೈಲ್ ಮತ್ತು ಜೋಲೀನ್ ಕಡೆಯ ಬೆಂಚಿನಲ್ಲಿ ಕೂತರು. ಅಪ್ರಾಪ್ತಳ ವಿಷಯ, ಹೊರಗಿನವರು ಇರುವಂತಿಲ್ಲ ಎಂದರು ನ್ಯಾಯಾಧೀಶ ಹಾಲ್ವರ್ಸನ್. ನಾವೆಲ್ಲ ಸಾಕ್ಷಿಗಳು ಎಂದಳು ಮಾರ್ಲಿಸ್. ಹದಿನೇಳು ಕೈಗಳು ಮೇಲೆದ್ದವು.

ಡಾರ್ಸಿ ಯಾವ ಸಾಕ್ಷಿಯನ್ನೂ ಕರೆದಿರಲಿಲ್ಲ. ಬೇಕರಿಯಲ್ಲಿ ತಾನು ದುಡಿಯುವ ಬಗ್ಗೆ ಮಾಲೀಕರ ಪತ್ರ, ಕೋಣೆಯ ಕರಾರು, ಶಾಲೆಯ ಅಂಕಪಟ್ಟಿ, ಇಷ್ಟೇ ತಂದಿದ್ದಳು. ಇಷ್ಟೇ ಆಗಿದ್ದರೆ ಕಾಲು ಗಂಟೆಯ ಕೆಲಸ. ಆದರೆ ಊರು ಅವಳನ್ನು ಗೆಲ್ಲಿಸಲು ಪಣ ತೊಟ್ಟಿತ್ತು.

ಮಾರ್ಲಿಸ್ ಎದ್ದು ಹುಡುಗಿ ಚಿನ್ನದಂಥವಳು ಎಂದಳು; ರೊಟ್ಟಿ ಸುಡಲು ಹೋಗಿ ಎಬ್ಬಿಸಿದ ಹೊಗೆಗೆ ಅಗ್ನಿಶಾಮಕದವರು ಬಂದಾಗ ಎಲ್ಲರಿಗೂ ಅವಳೇ ಕಾಫಿ ಮಾಡಿಕೊಟ್ಟಳು ಎಂದು ಪುರಾವೆ ಕೊಟ್ಟಳು. ವರ್ಲಿನ್ ಅವಳ ಧೈರ್ಯ ಹೊಗಳಿದ. ಗೋದಾಮಿನ ಏಣಿ ಹತ್ತಿ ಇಳಿಯಲಾರದೆ ಎರಡು ಗಂಟೆ ಕೂತಿದ್ದರೂ ಒಂದು ಸಲವೂ ಕಿರುಚಲಿಲ್ಲವಂತೆ. ಇನ್ನೊಬ್ಬಾಕೆ ಈಸ್ಟರಿನ ಗೊರಕೆಯನ್ನು ನಿಶ್ಚಿಂತ ಮನಸ್ಸಿನ ಲಕ್ಷಣವೆಂದು ವಿವರಿಸಿದಳು. ಒಬ್ಬೊಬ್ಬರು ಹೊಗಳಿ ಕೂತಂತೆ ನ್ಯಾಯಾಧೀಶರ ಹುಬ್ಬು ಒಂದೊಂದು ಗೆರೆ ಮೇಲೇರಿತು.

"ನೋಡಮ್ಮ," ಎಂದರು ಹಾಲ್ವರ್ಸನ್, "ನಿನ್ನ ಕಾಗದಪತ್ರ ಎಲ್ಲ ಸರಿಯಾಗಿದೆ. ಆದ್ರೆ ಬುದ್ಧಿ ಬಲಿತಿದೆ ಅಂತ ನಾನು ಹೇಗೆ ಬರೀಲಿ? ಒಂದೇ ಹೂಕುಂಡಕ್ಕೆ ಎರಡು ಸಲ ಗುದ್ದಿದೀಯ."

ಡಾರ್ಸಿ ಎದ್ದು ನಿಂತಳು. "ಗುದ್ದಿದೀನಿ, ಸ್ವಾಮಿ. ಆದ್ರೆ ಅದು ನನ್ನ ಅರ್ಜೀಲಿ ಇಲ್ಲ. ಇಲ್ಲಿ ಯಾವ ಸಾಕ್ಷೀನೂ ಹೇಳ್ಲಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?"

ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿದರು. ಬೆಳಿಗ್ಗೆ ಕಾರಿನಲ್ಲಿ ಬರುವಾಗ ಏನಾದರೂ ಕೇಳಬೇಕಲ್ಲ ಎಂದು ಗೊಣಗಿದರು.

"ಇದೇ ನನ್ನ ಕೇಸು," ಎಂದಳು ಡಾರ್ಸಿ. "ನಮ್ಮಪ್ಪ ಕೆಟ್ಟವರಲ್ಲ. ಹೊಡೆದಿಲ್ಲ, ಬೈದಿಲ್ಲ, ಇವತ್ತು ನನಗೆ ಗಾಡಿ ಮಾಡಿಕೊಟ್ಟಿದ್ದೂ ಅವರೇ. ಆದ್ರೆ ನಾನು ಹೊಸಬರ ಮುಂದೆ ಹೋಗಿ ನಿಂತ್ರೆ, ನನಗಿಂತ ಮೊದಲೇ ನನ್ನ ಸುದ್ದಿ ಅಲ್ಲಿ ಹೋಗಿ ಕೂತಿರತ್ತೆ. ನ್ಯಾಯ ಕೇಳೋಕೆ ಬಂದ್ರೆ ಇಲ್ಲೂ ಕೂತಿದೆ. ನಾನು ತಪ್ಪೇ ಮಾಡಲ್ಲ ಅಂತಲ್ಲ, ಸ್ವಾಮಿ. ನನ್ನ ತಪ್ಪು ನನ್ನ ಹತ್ರ ಇರಲಿ ಅಂತ."

ನ್ಯಾಯಾಧೀಶರು ಲೈಲ್‌ನ ಕಡೆ ನೋಡಿದರು. ಇಪ್ಪತ್ತು ವರ್ಷ ಮೈಕಿನ ಮುಂದೆ ಒಂದು ಕ್ಷಣವೂ ಮಾತಿಗೆ ತಡಕಾಡದವನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ. ಅವಳು ಹೇಳಿದ್ದು ಸರಿ ಎಂದ. ಇನ್ನು ಮೇಲೆ ಗಾಳಿಯಲ್ಲಿ ಅವಳ ಸುದ್ದಿ ಎತ್ತುವುದಿಲ್ಲ, ಅವಳ ಪರವಾಗಿಯೂ ಇಲ್ಲ, ವಿರುದ್ಧವಾಗಿಯೂ ಇಲ್ಲ ಎಂದು ಮಾತು ಕೊಟ್ಟ. ನ್ಯಾಯಾಧೀಶರು ಅದನ್ನೂ ಬರೆದುಕೊಂಡು, ಹುಡುಗಿ ಈ ಕ್ಷಣದಿಂದ ಕಾನೂನಿನ ಕಣ್ಣಿನಲ್ಲಿ ದೊಡ್ಡವಳು ಎಂದು ಸಹಿ ಹಾಕಿದರು. ಜೋಲೀನ್ ಅತ್ತಳು. ಹದಿನೇಳು ಜನ ಚಪ್ಪಾಳೆ ತಟ್ಟಿದರು. ಆಲೂಗಡ್ಡೆ ತಟ್ಟೆಗಳನ್ನು ಕೋರ್ಟಿನ ಜಗಲಿಯಲ್ಲೇ ಬಿಚ್ಚಲಾಯಿತು. ಹಾಲ್ವರ್ಸನ್ ಎರಡು ಸಲ ಹಾಕಿಸಿಕೊಂಡರು.

ಸಂಜೆ ಐದೂವರೆಗೆ ಡಾರ್ಸಿ ತನ್ನ ಕೋಣೆಯಲ್ಲಿ ಚಿಲಕ ಹಾಕಿ, ಚಹ ಮಾಡಿಕೊಂಡು, ರೇಡಿಯೊ ಹಚ್ಚಿದಳು. ತನ್ನ ಬಗ್ಗೆ ಒಂದು ಮಾತೂ ಇಲ್ಲದ ಕಾರ್ಯಕ್ರಮವನ್ನು ಜೀವನದಲ್ಲಿ ಮೊದಲ ಬಾರಿ ಕೇಳುವ ಆಸೆ ಅವಳಿಗೆ. ಒಬ್ಬರು ಹಿಮ ತಳ್ಳುವ ಯಂತ್ರ ಮಾರುವವರಿದ್ದರು. ಲೈಲ್ ನಂಬರು ಓದಿ ಸುಮ್ಮನಾದ. ಆ ಮೌನ ಅವಳಿಗೆ ಹಬ್ಬದಂತಿತ್ತು.

ಎರಡನೆಯ ಕರೆ ವರ್ಲಿನ್‌ನದು. "ಮಾರೋಕೇನೂ ಇಲ್ಲ ಲೈಲ್. ಬೆಳಿಗ್ಗೆ ದಾರೀಲಿ ಡಾರ್ಸಿ ಅತ್ತಳು, ಪಾಪ. ಕಿಟಕಿ ಕಡೆ ತಿರುಗಿದ್ಳು, ಆದ್ರೂ ನಾನು ಕನ್ನಡೀಲಿ ನೋಡ್ದೆ."

ಲೈಲ್ ಗಂಟಲು ಸರಿಮಾಡಿಕೊಂಡು ಮುಂದಿನ ಕರೆ ಎಂದ. ಮುಂದಿನಾಕೆ ಹಳೆಯ ತೊಟ್ಟಿಲು ಮಾರಲು ಬಂದವಳು, ಮಾತಿನ ನಡುವೆ ಡಾರ್ಸಿ ರಸಗೊಬ್ಬರದ ಅಂಗಡಿಗೆ ಪದೇ ಪದೇ ಹೋಗುವುದೇಕೆ ಎಂದು ಕೇಳಿದಳು. ಹೊಲವಿಲ್ಲದವಳಿಗೆ ಅಲ್ಲೇನು ಕೆಲಸ? ನಂತರದವನು ಉತ್ತರ ಕೊಟ್ಟ. ಅಲ್ಲಿ ಸೊರೆನ್ಸನ್ ಮನೆಯ ಎರಡನೆಯ ಮಗ ಕೆಲಸಕ್ಕೆ ಸೇರಿದ್ದಾನೆ, ಹುಡುಗ ಒಳ್ಳೆಯವನು. ಐದನೆಯವರು ನ್ಯಾಯಾಧೀಶ ಹಾಲ್ವರ್ಸನ್: ಹುಡುಗಿ ನೀಲಿ ಸ್ವೆಟರನ್ನು ಕೋರ್ಟಿನಲ್ಲಿ ಮರೆತಿದ್ದಾಳೆ, ಮೊಣಕೈಯಲ್ಲಿ ತೂತಿದೆ.

ಡಾರ್ಸಿ ಕೋಣೆಯ ಫೋನ್ ತಿರುಗಿಸಿದಳು. ಲೈಲ್ ಹವಾಮಾನದ ಟೇಪು ಹಾಕಿ ಎತ್ತಿಕೊಂಡ.

"ಅಪ್ಪ, ಮಾತು ಕೊಟ್ಟಿದ್ಯಲ್ಲ."

"ನಾನು ಒಂದಕ್ಷರ ಆಡಿಲ್ಲ ಮಗಳೇ. ಫೋನ್ ಮಾಡೋರು ಆಡ್ತಿದಾರೆ."

"ಇಷ್ಟು ವರ್ಷ ಇವರ್ಯಾರೂ ಫೋನ್ ಮಾಡ್ತಿರ್ಲಿಲ್ಲ."

"ಮಾಡ್ತಿದ್ರು. ದಿನಾ ಇಪ್ಪತ್ತು ಕರೆ ನಿನ್ನ ಮೇಲೇ ಬರ್ತಿತ್ತು," ಎಂದ ಲೈಲ್. "ಮಾತು ಹೊರಗೆ ಹೋಗೋಕೆ ಏಳು ಸೆಕೆಂಡ್ ತಡ ಇರತ್ತೆ. ಅಷ್ಟರಲ್ಲಿ ನಾನು ಗುಂಡಿ ಒತ್ತಿ ಟ್ರ್ಯಾಕ್ಟರ್ ಟೈರಿನ ಜಾಹೀರಾತು ಹಾಕ್ತಿದ್ದೆ. ಅಪ್ಪ ಅಮ್ಮ ಒಪ್ಪದೆ ಚಿಕ್ಕ ಮಕ್ಕಳ ಹೆಸರು ಗಾಳಿಗೆ ಬಿಡೋ ಹಾಗಿಲ್ಲ ಅಂತ ಸ್ಟೇಷನ್ ನಿಯಮ. ನಾವು ಯಾರಿಗೂ ಒಪ್ಪಿಗೆ ಕೊಡ್ಲಿಲ್ಲ. ದಿನಾ ಒಂದು ಸಣ್ಣ ಕತೆ ನಾನೇ ಹೇಳ್ಬಿಡ್ತಿದ್ದೆ, ಜನ ಅಷ್ಟಕ್ಕೇ ತೃಪ್ತಿಪಟ್ಕೊಳ್ಳಲಿ ಅಂತ. ಸೊರೆನ್ಸನ್ ಹುಡುಗನ ವಿಷಯ ಮೂರು ವಾರದಿಂದ ಬರ್ತಿದೆ, ನಾನು ಒಂದು ಸಲಾನೂ ಗಾಳಿಗೆ ಬಿಟ್ಟಿಲ್ಲ."

ಡಾರ್ಸಿಗೆ ಅಪ್ಪನ ಮೇಲೆ ಒಟ್ಟಿಗೇ ಸಿಟ್ಟೂ ಬಂತು, ಪ್ರೀತಿಯೂ ಬಂತು. ಈಗಲೂ ಆ ಗುಂಡಿ ಒತ್ತು ಎಂದಳು.

"ಆಗಲ್ಲ. ಈಗ ನೀನು ದೊಡ್ಡವಳು. ಮೇಯರ್ ಬಗ್ಗೆ ಮಾತಾಡೋ ಹಾಗೆ ನಿನ್ನ ಬಗ್ಗೇನೂ ಮಾತಾಡ್ತಾರೆ."

"ಹಾಗಾದ್ರೆ ಬಾಯಿ ಮುಚ್ಚಿ ಅಂತ ನೀನೇ ಹೇಳು ಅವರಿಗೆ."

"ಹೇಗೆ ಹೇಳ್ಲಿ? ನಿನ್ನ ಪರವಾಗಿಯೂ ಬಾಯಿ ಬಿಡಲ್ಲ ಅಂತ ಕೋರ್ಟಲ್ಲಿ ಮಾತು ಕೊಟ್ಟಿದೀನಿ. ಇಡ್ತೀನಮ್ಮ, ಹವಾಮಾನ ಮುಗೀತು. ಹನ್ನೊಂದು ಜನ ಕಾಯ್ತಿದಾರೆ."

ಡಾರ್ಸಿ ಫೋನ್ ಇಟ್ಟಳು. ಆದರೆ ಸೋತು ಕೂರುವ ಜಾಯಮಾನ ಅವಳದಲ್ಲ. ಮೇಜಿನ ಮೇಲಿದ್ದ ಕೋರ್ಟಿನ ಆದೇಶವನ್ನು ಮಗುಚಿ, ಹಿಂಬದಿಯ ಖಾಲಿ ಹಾಳೆಯಲ್ಲಿ ಒತ್ತಿ ಒತ್ತಿ ಬರೆಯತೊಡಗಿದಳು: ಮಾನ್ಯ ನ್ಯಾಯಾಧೀಶರೇ, ನನ್ನನ್ನು ಮತ್ತೆ ಚಿಕ್ಕವಳನ್ನಾಗಿ ಮಾಡಿಕೊಡಬೇಕಾಗಿ ಪ್ರಾರ್ಥನೆ.

ಬಾಗಿಲ ಹೊರಗೆ ಮೆಟ್ಟಿಲು ಕಿರ್ರೆಂದಿತು. ಬೀಗದ ಕಿಂಡಿಯ ಬೆಳಕು ಒಂದು ಗಳಿಗೆ ಕಪ್ಪಾಗಿ ಮತ್ತೆ ಬೆಳಗಿತು. ಆಮೇಲೆ ಕೆಳಗಿನ ಅಂಗಡಿಯಿಂದ ಮಾರ್ಲಿಸ್‌ಳ ಪಿಸುದನಿ ನೆಲದ ಹಲಗೆಗಳ ಸಂದಿಯಿಂದ ಮೇಲೆ ಬಂತು, ಸರಿಯಾಗಿ ಏಳು ಸೆಕೆಂಡಿನ ನಂತರ ಅದೇ ಮಾತು ರೇಡಿಯೊದಲ್ಲಿ ಇಡೀ ಕೌಂಟಿಗೆ ಕೇಳಿಸಿತು.

"ಲೈಲ್, ಈಗ ಮತ್ತೇನೋ ಅರ್ಜಿ ಬರೀತಾ ಕೂತಿದಾಳೆ. ನಾಳೆಗೂ ಒಂದು ಗಾಡಿ ಬೇಕಾಗಬಹುದು."