ಹಸಿರು ಸೀರೆಯನ್ನು ಫರಸಿಕಲ್ಲು ಮಾಡಿದ ಪ್ರೀಸೆಟ್ ಸಾಹೇಬರಿಗೆ

ಮಾನ್ಯ ‘ಗ್ಲಾಸಿ ಹೊಸದು ಫೈನಲ್’ ಪ್ರೀಸೆಟ್ ಸಾಹೇಬರ ಸನ್ನಿಧಿಗೆ, ಸೇಡಂ ಬಸ್ ನಿಲ್ದಾಣದ ಎದುರಿನ ಫೋಟೊ ಸ್ಟುಡಿಯೋದಲ್ಲಿ ಕಂಪ್ಯೂಟರ್ ಮುಂದೆ ಕೂಡುವ ಶಾಹನವಾಜನು ಚಪ್ಪಲಿ ಹೊರಗೆ ಬಿಟ್ಟು, ಮೌಸ್ ಒರೆಸಿ, ಎರಡೂ ಕೈ ಜೋಡಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ಮಾನ್ಯರೇ, ತಮ್ಮನ್ನು ಅರಿಯದ ಸಾರ್ವಜನಿಕರಿಗಾಗಿ ಮೊದಲು ತಮ್ಮ ಗುಣಗಾನ. ಫೋಟೊ ಕಾಗದಕ್ಕೆ ಇಳಿಯುವ ಮೊದಲೇ, ಇಂಥ ಪ್ರಿಂಟರಿನಲ್ಲಿ ಅದು ಹೀಗೆ ಬರುತ್ತದೆಂದು ತೆರೆಯ ಮೇಲೆ ಭವಿಷ್ಯ ನುಡಿಯುವ, ಕಂಪ್ಯೂಟರಿನಲ್ಲಿ ಉಳಿಸಿಟ್ಟ ಬಣ್ಣದ ಸೆಟ್ಟಿಂಗ್ ರೂಪದ ಜ್ಯೋತಿಷಿಗಳು ತಾವು. ಆ ಭವಿಷ್ಯಕ್ಕೆ ನಮ್ಮ ಕಸುಬಿನಲ್ಲಿ ಪ್ರೂಫ್ ಎನ್ನುತ್ತಾರೆ. ತಾವು ಯಾವ ಪ್ರಿಂಟರಿನ ಜಾತಕ ಹಿಡಿದಿದ್ದೀರೋ ಅದು ವಾಡಿಯ ಗುಜರಿ ಅಂಗಡಿಯಲ್ಲಿ ಸ್ವರ್ಗಸ್ಥವಾಗಿ ನಾಲ್ಕು ವರ್ಷವಾಯಿತು. ತಾವು ಮಾತ್ರ ‘ಹೊಸದು’ ಎಂಬ ಹೆಸರಿನಲ್ಲಿ ಪಟ್ಟಿಯ ತುದಿಯಲ್ಲಿ ನವಯುವಕರಂತೆ ಕುಳಿತಿದ್ದೀರಿ. ತಮ್ಮಂಥವರು ಒಟ್ಟು ನಲವತ್ತಾರು ಮಂದಿ. ಅಳಿಸುತ್ತೇನೆಂದರೆ ನಮ್ಮ ಮಾಲೀಕರಾದ ನಾಗೇಂದ್ರಪ್ಪನವರು, “ಇರ್ಲಿ ಬಿಡೋ, ಅವೇನು ರೊಟ್ಟಿ ಕೇಳ್ತಾವೇನು?” ಎಂದು ಅಭಯ ನೀಡಿದರು.

ರೊಟ್ಟಿ ಕೇಳಲಿಲ್ಲ, ನಿಜ. ಒಂದು ಮದುವೆಯನ್ನೇ ಕೇಳಿದಿರಿ.

ನಮ್ಮ ಸೇಡಂ ತಾಲೂಕಿನ ಮುಧೋಳದ ಲಲಿತಾಬಾಯಿಯವರ ಮಗಳು ಬಸವೇಶ್ವರಿಗೂ ಚಿಂಚೋಳಿಯ ಸಿದ್ಧಲಿಂಗನಿಗೂ ನಿಶ್ಚಿತಾರ್ಥವಾಯಿತು. ಗಂಡಿನವರು ತಂದ ಹಸಿರು ಸೀರೆ ಉಟ್ಟೇ ಹೆಣ್ಣು ಉಡಿ ತುಂಬಿಸಿಕೊಳ್ಳಬೇಕು. ಬೇರೆ ಉಟ್ಟಳೆಂದರೆ ಸಂಬಂಧ ಬೇಡವೆಂದಳೆಂದೇ ಅವರಲ್ಲಿ ಅರ್ಥ. ಹುಡುಗಿ ಅದನ್ನೇ ಉಟ್ಟಿದ್ದಳು. ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ ಫೋಟೊ ತೆಗೆದವನು ನಾನು. ಪ್ರೂಫ್ ನೋಡಲು ಹೆಸರು ನಂಬಿ ತಮ್ಮನ್ನು ಆರಿಸಿದೆ. ತಮ್ಮ ದಿವಂಗತ ಪ್ರಿಂಟರಿಗೆ ಹಸಿರನ್ನು ಅತಿಯಾಗಿ ಉಗುಳುವ ಚಟವಿತ್ತಲ್ಲ, ತಾವು ಹಳೆಯ ಋಣ ಮರೆಯದೆ ಸೀರೆಯನ್ನು ಗಿಳಿಯಂತೆ ತೋರಿಸಿದಿರಿ. ನಾನು ಬೆದರಿ ಹಸಿರನ್ನು ಇಳಿಸುತ್ತ ಇಳಿಸುತ್ತ ಹೋದೆ. ಈ ಪುರಾಣವೊಂದೂ ಗೊತ್ತಿಲ್ಲದ ಹೊಸ ಪ್ರಿಂಟರು ಹೇಳಿದಷ್ಟನ್ನೇ ಮುದ್ರಿಸಿತು. ವಧು ಶಹಾಬಾದಿನ ಬೂದು ಫರಸಿಕಲ್ಲು ಉಟ್ಟು ಕುಳಿತಿದ್ದಳು.

ಮುದ್ರಣಕ್ಕೆ ಮುನ್ನ ಕೇಳಲಿಲ್ಲವೆಂಬ ಅಪವಾದ ಬೇಡ. “ಅಕ್ಕೋರೆ, ಪ್ರೂಫ್ ನೋಡ್ಲಿಕ್ಕ ಬರ್ರಿ” ಎಂದು ನಾನು ಫೋನ್ ಮಾಡಿದರೆ ಲಲಿತಾಬಾಯಿಯವರು ಆಧಾರ್ ಕಾರ್ಡು, ರೇಷನ್ ಕಾರ್ಡು ಹಿಡಿದು ಬಂದು, “ತಗೋ ತಮ್ಮಾ, ಎಲ್ಲಾ ಪ್ರೂಫ್ ತಂದೀನಿ, ಝೆರಾಕ್ಸ್ ಸುದ್ದಾ ಮಾಡಿಸೀನಿ” ಎಂದರು. ತಿದ್ದಬೇಕಿತ್ತು. ಆದರೆ ಇಂಥ ಅವಕಾಶ ವರ್ಷಕ್ಕೊಮ್ಮೆಯೂ ಸಿಗುವುದಿಲ್ಲವಾಗಿ, ನಾನು ತಹಶೀಲ್ದಾರರ ಗಾಂಭೀರ್ಯದಿಂದ ಆಧಾರ್ ಪರಿಶೀಲಿಸಿ, ‘ಪ್ರೂಫ್ ಸರಿ ಇದೆ’ ಎಂದು ಬರೆದುಕೊಂಡು ಕಳಿಸಿದೆ. ಮುದ್ರಣವಾದ ಫೋಟೊ, ಯಾರೂ ತಿರುಗಿ ನೋಡದೆ, ಕಟ್ಟು ಹಾಕಿಸಿಕೊಂಡು ನೇರ ಚಿಂಚೋಳಿಗೆ ಹೋಯಿತು.

ಅಲ್ಲಿ ವರನ ಸೋದರತ್ತೆ ರಾಜೇಶ್ವರಿಯವರು, ಸೀರೆ ಆರಿಸಿದವರು, ಮೊಣಕಾಲು ನೋವಿನಿಂದ ಕಾರ್ಯಕ್ಕೆ ಬಾರದೆ ಉಳಿದವರು, ಪೊಟ್ಟಣ ಬಿಚ್ಚಿದರು. “ನಾ ಆರಿಸಿದ ಹಸರ ಸೀರಿ ಎಲ್ಲ್ಯದ? ಈ ಹುಡುಗಿಗಿ ನಮ್ಮ ಮನಿ ಬ್ಯಾಡಾಗ್ಯದ, ಬಿಡ್ರಿ!” ಉಡಿ ತುಂಬಿದ ಸೊಸೆಯಂದಿರು ಅವರೆದುರು ಬಾಯಿ ತೆರೆಯುವವರಲ್ಲ. ಗಂಡಸರಿಗೆ ಭಜಿ ಬಿಸಿಯಾಗಿತ್ತೆಂಬುದೊಂದೇ ನೆನಪು. ಸಿದ್ಧಲಿಂಗನಂತೂ ಸೀರೆ ನೋಡಿಯೇ ಇಲ್ಲವಂತೆ, ಮಾರಿ ಅಷ್ಟೇ ನೋಡಿದನಂತೆ. ಸುದ್ದಿ ಮುಧೋಳ ಮುಟ್ಟಿ, ಲಲಿತಾಬಾಯಿಯವರು ಸ್ಟುಡಿಯೋಕ್ಕೆ ಬಂದು ನಿಂತರು: “ಪ್ರೂಫ್ ಸರಿ ಅದ ಅಂದಿದ್ದೆಲ್ಲೋ ಭಾಡ್ಯಾ! ನನ್ನ ಮಗಳು ಎರಡು ದಿನದಿಂದ ಉಂಡಿಲ್ಲೋ.”

ಆದ್ದರಿಂದ ಮಾನ್ಯರೇ, ತಾವು ಮೊದಲ ಬಸ್ಸಿಗೆ ಚಿಂಚೋಳಿಗೆ ತೆರಳಿ, ರಾಜೇಶ್ವರಿಯವರ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ತಪ್ಪೊಪ್ಪಿಕೊಳ್ಳಬೇಕು. ಅದಾಗದಿದ್ದರೆ ಪಿಂಚಣಿದಾರರಂತೆ ತಮ್ಮ ಪ್ರಿಂಟರು ಇನ್ನೂ ಬದುಕಿದೆಯೆಂಬ ಪ್ರಮಾಣಪತ್ರ ಸಲ್ಲಿಸಬೇಕು. ಅದೂ ಆಗದಿದ್ದರೆ ಉಳಿದ ನಲವತ್ತೈದು ಮಂದಿಯನ್ನು ಕರೆದುಕೊಂಡು ತಾವಾಗಿಯೇ ಹೊರಡಬೇಕು. ಸಂಜೆಯವರೆಗೆ ಕಾಯುತ್ತೇನೆ. ನಾಗೇಂದ್ರಪ್ಪನವರು ಈ ಸಲ ಅಭಯ ನೀಡುವ ಸ್ಥಿತಿಯಲ್ಲಿಲ್ಲ. ಲಲಿತಾಬಾಯಿಯವರನ್ನು ಕಂಡು ಹಿಂಬಾಗಿಲಿನಿಂದ ಚಹಾ ಕುಡಿಯಲು ಹೋದವರು ಇನ್ನೂ ಮರಳಿಲ್ಲ.

ತಮ್ಮ ವಿಶ್ವಾಸಿ, ಬೆರಳನ್ನು ಅಳಿಸುವ ಗುಂಡಿಯ ಮೇಲಿಟ್ಟುಕೊಂಡಿರುವ,
ಶಾಹನವಾಜ

ತಾ.ಕ.: ಉತ್ತರ ಬಾರದ್ದರಿಂದ ತಮ್ಮೆಲ್ಲರನ್ನೂ ಅಳಿಸಿ, ಇಳಿಸಿದ ಹಸಿರನ್ನು ಏರಿಸಿ ಫೋಟೊ ಮರಳಿ ಮುದ್ರಿಸಿ, ಲಲಿತಾಬಾಯಿಯವರೊಡನೆ ಆ ಸೀರೆಯನ್ನೂ ಹಿಡಿದು ಚಿಂಚೋಳಿಗೆ ಹೋದೆ. ರಾಜೇಶ್ವರಿಯವರು ಸೆರಗನ್ನು ಫೋಟೊದ ಪಕ್ಕ ಹಿಡಿದು ನೋಡಿ, “ಸೀರಿ ನಮ್ದೇ, ಹುಡುಗಿ ನಮ್ಮಾಕಿನೇ” ಎಂದು ಎಲ್ಲರ ಬಾಯಿಗೆ ಸಕ್ಕರೆ ಹಾಕಿದರು. ಆಮೇಲೆ ಕನ್ನಡಕ ಏರಿಸಿ, “ಅಲ್ಲೋ, ಬಾಜೂಕ ಕುಂತಾಂವ ಯಾರು? ನಮ್ಮ ಸಿದ್ಧಲಿಂಗ ಇಷ್ಟು ಬೆಳ್ಳಗ ಎಂದ ಇದ್ದ?” ಎಂದರು. ವರನ ಮುಖಕ್ಕೆ ಸುಣ್ಣ ಬಳಿದವನು ನಾನು, ಸ್ವಂತ ಕೈಯಾರೆ. ಎಲ್ಲರೂ ನನ್ನತ್ತಲೇ ನೋಡುತ್ತಿದ್ದಾರೆ; ತಪ್ಪು ಹೊರಿಸಲು ಪಟ್ಟಿಯಲ್ಲಿ ಒಬ್ಬರೂ ಉಳಿದಿಲ್ಲ. ತಾವು ದಯಮಾಡಿ ಒಂದೇ ಒಂದು ದಿನದ ಮಟ್ಟಿಗೆ ಮತ್ತೆ ಹುಟ್ಟಿ ಬರಬೇಕು.